ಹೂವಿನ ಹೊತ್ತಿನಲ್ಲಿ ಎಲೆ ತೆಗೆಯಬಹುದೆ? ದ್ರಾಕ್ಷಿ ಪಡದ ಒಂದು ಹಳೆಯ ವಿವಾದದ ಸಮೀಕ್ಷೆ

ನವೆಂಬರ್ ತಿಂಗಳ ಒಂದು ಮುಂಜಾನೆ, ವಿಜಯಪುರ ಜಿಲ್ಲೆಯ ಮನಗೂಳಿ ಸೀಮೆಯ ದ್ರಾಕ್ಷಿ ಪಡವೊಂದರಲ್ಲಿ, ತಂತಿಗಳ ಮೇಲಣ ಇಬ್ಬನಿ ಇನ್ನೂ ಆರದಿದ್ದ ಹೊತ್ತಿಗೆ, ನಾಲ್ವರು ಹೆಣ್ಣುಮಕ್ಕಳು ಸಾಲಿನ ಎರಡೂ ಬದಿಗೆ ನಿಂತು, ಹೂಗೊಂಚಲಿನ ಸುತ್ತಣ ಎಲೆಗಳನ್ನು ಹೆಬ್ಬೆರಳಿನ ಒಂದೊಂದೇ ಒತ್ತಿನಿಂದ ಮುರಿದು ನೆಲಕ್ಕೆ ಕೆಡವುತ್ತಿದ್ದುದನ್ನು ನಾನು ನೋಡಿದೆನು. ಎಲೆ ಮುರಿದಲ್ಲೆಲ್ಲ ತೊಟ್ಟಿನ ಬುಡದಲ್ಲಿ ನೀರಿನ ಹನಿಯೊಂದು ಮೂಡಿ ನಿಲ್ಲುತ್ತಿತ್ತು. ಸಾಲಿನ ಕೆಳಗೆ, ಕಪ್ಪು ಎರೆಮಣ್ಣಿನ ಮೇಲೆ, ಹಸಿರೆಲೆಗಳ ಹಾಸಿಗೆಯೇ ಬಿದ್ದಿತ್ತು. ಬದುವಿನಲ್ಲಿ ನಿಂತಿದ್ದ ಹಿರಿಯರು ಅದನ್ನು ನೋಡಲಾರದೆ ಮುಖ ತಿರುಗಿಸಿ, “ಎಲಿ ಅಂದ್ರ ಬಳ್ಳಿ ದುಡಿಯೂ ಕೈ. ದುಡಿಯೂ ಕೈ ಕಡದು ಹೊಟ್ಟಿಗೆ ಏನ್ ಹಾಕ್ತೀಯೋ ತಮ್ಮಾ?” ಎಂದರು. ಅವರ ಅಣ್ಣನ ಮಗನು, “ಗಾಳಿ ಆಡದಿದ್ರ ಡೌನಿ ಬರ್ತದ ಕಾಕಾ. ಹೊಡದ ಔಷಧ ಗೊನಿಗೆ ಮುಟ್ಟಬೇಕಲ್ಲ” ಎಂದು ವಿನಯದಿಂದಲೇ, ಆದರೆ ಹಿಂಜರಿಯದೆ, ಉತ್ತರ ಕೊಟ್ಟನು. ಎರಡು ಸಾವಿರ ವರ್ಷಗಳಿಂದ ದ್ರಾಕ್ಷಿ ಬೆಳೆಯುವ ನಾಡುಗಳಲ್ಲೆಲ್ಲ ನಡೆದು ಬಂದಿರುವ ವಾದವೊಂದರ ಉಭಯ ಪಕ್ಷಗಳೂ ಆ ಎರಡು ಮಾತುಗಳಲ್ಲಿ ಅಡಗಿದ್ದುವು.

ಪ್ರಶ್ನೆಯ ಸ್ವರೂಪ

ವಿಜಯಪುರ ಜಿಲ್ಲೆಯಲ್ಲಿ ದ್ರಾಕ್ಷಿಯ ವರ್ಷಕ್ಕೆ ಎರಡು ಚಾಟನಿಗಳು, ಅಂದರೆ ಕಡ್ಡಿ ಸವರುವ ಕೆಲಸಗಳು. ಏಪ್ರಿಲ್ ಚಾಟನಿಯಿಂದ ಬಳ್ಳಿಯು ಹೊಸ ಕಡ್ಡಿಗಳನ್ನು ಬೆಳೆಸಿಕೊಳ್ಳುತ್ತದೆ. ಅಕ್ಟೋಬರ್ ಚಾಟನಿಯಿಂದ ಆ ಕಡ್ಡಿಗಳು ಫಲಕ್ಕೆ ಬರುತ್ತವೆ. ಅಕ್ಟೋಬರ್ ಚಾಟನಿಯಾದ ಸುಮಾರು ಎರಡು ವಾರಕ್ಕೆ ಚಿಗುರಿನಲ್ಲಿ ಹೂಗೊಂಚಲು ಕಣ್ಣಿಗೆ ಬೀಳುವುದು. 35ರಿಂದ 40 ದಿನಗಳ ಸುಮಾರಿಗೆ ಹೂವರಳುವುದು. ದ್ರಾಕ್ಷಿಯ ಹೂವು ಅರಳುವ ರೀತಿಯೇ ವಿಲಕ್ಷಣವಾದುದು. ಅದರ ದಳಗಳು ಮೇಲ್ಗಡೆ ಒಂದಕ್ಕೊಂದು ಕೂಡಿಕೊಂಡು ಟೊಪ್ಪಿಗೆಯಂತಾಗಿ, ಆ ಟೊಪ್ಪಿಗೆ ಬುಡದಿಂದ ಬಿಟ್ಟು ಉದುರಿದಾಗಲೇ ಕೇಸರಗಳು ಹೊರಗೆ ಬರುತ್ತವೆ. ಟೊಪ್ಪಿಗೆ ಉದುರುವ ಈ ಕೆಲವೇ ದಿನಗಳಲ್ಲಿ ಎಷ್ಟು ಹೂವು ಕಾಯಿ ಕಚ್ಚಬೇಕು, ಎಷ್ಟು ಉದುರಬೇಕು ಎಂಬುದು ತೀರ್ಮಾನವಾಗಿ, ಮುಂದಿನ ಫೆಬ್ರುವರಿ–ಮಾರ್ಚಿಯ ಕೊಯಿಲಿನ ತೂಕವೂ, ಒಣದ್ರಾಕ್ಷಿಯ ಗುಣವೂ ಬಹುಮಟ್ಟಿಗೆ ನಿಶ್ಚಿತವಾಗುವುವು. ಇಂಥ ನಿರ್ಣಾಯಕ ಸಮಯದಲ್ಲಿ ಎಲೆಗೆ ಕೈ ಹಚ್ಚಬಹುದೆ, ಹಚ್ಚುವುದಾದರೆ ಯಾವ ಎಲೆಗೆ, ಎಷ್ಟಕ್ಕೆ, ಯಾವ ದಿನ ಎಂಬುದೇ ನಮ್ಮ ಪ್ರಶ್ನೆ.

ಇತಿಹಾಸದಲ್ಲಿ ಈ ವಾದ

ಕ್ರಿಸ್ತಪೂರ್ವ 2ನೆಯ ಶತಮಾನದ ರೋಮನ್ ಗ್ರಂಥಕಾರ ಕೇಟೋ ತನ್ನ ಕೃಷಿಗ್ರಂಥದಲ್ಲಿ, ಹಣ್ಣು ಬಣ್ಣ ತಿರುಗತೊಡಗಿದಾಗ ಬಳ್ಳಿಯನ್ನು ಕಟ್ಟಿ, ಎಲೆ ಬಿಡಿಸಿ, ಗೊಂಚಲನ್ನು ಬಿಸಿಲಿಗೆ ತೆರೆಯಬೇಕೆಂದು ವಿಧಿಸಿದ್ದಾನೆ. ಅವನು ಹೇಳಿದ ಕಾಲವು ಹೂವಿನದಲ್ಲ, ಹಣ್ಣಿನದು ಎಂಬುದನ್ನು ಲಕ್ಷ್ಯದಲ್ಲಿಡತಕ್ಕದ್ದು. ಏಕೆಂದರೆ ಮುಂದಿನ ವಾದವೆಲ್ಲ ಕಾಲದ ಈ ಅಂತರವನ್ನೇ ಆಶ್ರಯಿಸಿದೆ. ನಮ್ಮ ದಖ್ಖಣದ ದ್ರಾಕ್ಷಿಯೂ ಇತ್ತೀಚಿನದಲ್ಲ. 14ನೆಯ ಶತಮಾನದಲ್ಲಿ ದೌಲತಾಬಾದಿಗೆ ಬಂದಿದ್ದ ಪ್ರವಾಸಿ ಇಬ್ನ್ ಬತೂತನು, ಅಲ್ಲಿಯ ದ್ರಾಕ್ಷಿಯೂ ದಾಳಿಂಬೆಯೂ ವರ್ಷಕ್ಕೆ ಎರಡು ಸಲ ಫಲಿಸುವುದನ್ನು ಕಂಡು ಬರೆದಿಟ್ಟಿದ್ದಾನೆ. ಚಳಿಗಾಲದಲ್ಲಿ ಎಲೆಯುದುರಿಸಿ ನಿದ್ರಿಸುವ ಯುರೋಪಿನ ಬಳ್ಳಿಯು ನಮ್ಮಲ್ಲಿ ನಿದ್ರೆಯನ್ನೇ ಮರೆತು ನಿರಂತರ ಹಸಿರಾಗಿರುವುದೆಂಬ ಸಂಗತಿಯು, ಅಲ್ಲಿಯ ಶಾಸ್ತ್ರವನ್ನು ಇಲ್ಲಿಗೆ ತರುವಾಗ ಮೊದಲು ನೆನೆಯಬೇಕಾದುದು.

ಎಲೆಯು ಬೆಳಕಿನಲ್ಲಿ ಮಾಡುವ ಕೆಲಸವನ್ನು 1779ರಲ್ಲಿ ಇಂಗನ್‌ಹೌಸನು ಪ್ರಯೋಗಗಳಿಂದ ತೋರಿಸುವವರೆಗೆ, ಎಲೆಯನ್ನು ಹಣ್ಣಿನ ಹೊದಿಕೆಯೆಂದು ಭಾವಿಸುವುದೇ ರೂಢಿಯಾಗಿತ್ತು. 1928ರಲ್ಲಿ ಮೇಸನ್ ಮತ್ತು ಮ್ಯಾಸ್ಕೆಲ್ ಎಂಬಿಬ್ಬರು ಟ್ರಿನಿಡಾಡಿನಲ್ಲಿ, ಎರೆಭೂಮಿಯ ನಮಗೆ ಚಿರಪರಿಚಿತವಾದ ಹತ್ತಿ ಗಿಡದ ಮೇಲೆಯೇ ಪ್ರಯೋಗ ನಡೆಸಿ, ಸಕ್ಕರೆಯು ಅದನ್ನು ತಯಾರಿಸುವ ಎಲೆಯಿಂದ ಅದನ್ನು ಉಣ್ಣುವ ಕಾಯಿಯತ್ತ ಹರಿಯುವ ಬಗೆಯನ್ನು ವಿವರಿಸಿದರು. ಉತ್ಪಾದಕ ಅಂಗ, ಗ್ರಾಹಕ ಅಂಗ ಎಂಬ ಈ ವಿಭಾಗವು ದೊರೆತ ಮೇಲೆ ಎಲೆಯ ವಾದವು ರೂಢಿಯ ಮಾತಾಗಿ ಉಳಿಯದೆ ಲೆಕ್ಕದ ಮಾತಾಯಿತು.

ಮೊದಲನೆಯ ಪಂಥ: ಎಲೆಯೇ ಬಂಡವಾಳ

ಬದುವಿನ ಮೇಲಣ ಹಿರಿಯರ ಮಾತು ಈ ಪಂಥದ್ದು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯಲ್ಲಿ ವಿಂಕ್ಲರ್ ಎಂಬ ಪಂಡಿತನು 1930ರ ಸುಮಾರಿನಲ್ಲಿಯೇ ಗೊಂಚಲೊಂದಕ್ಕೆ ಎಷ್ಟು ಎಲೆಯಿದ್ದರೆ ಹಣ್ಣು ಎಷ್ಟು ದಪ್ಪವಾಗುವುದೆಂಬುದನ್ನು ಪರಿಶೀಲಿಸಿದನು. ಅದೇ ಸಂಸ್ಥೆಯ ಕ್ಲೀವರ್ ಮತ್ತು ಡೊಕೂಜ್ಲಿಯನ್ ಅವರು 2005ರಲ್ಲಿ ಈ ಬಗೆಯ ಅನೇಕ ಪ್ರಯೋಗಗಳನ್ನು ಕ್ರೋಡೀಕರಿಸಿ, ಒಂದೇ ಹರವಿನ ಹಂದರದಲ್ಲಿ ಕಿಲೋ ಹಣ್ಣಿಗೆ 0.8ರಿಂದ 1.2 ಚದರ ಮೀಟರ್, ಎರಡು ಹರವಾಗಿ ಒಡೆದ ಹಂದರದಲ್ಲಿ 0.5ರಿಂದ 0.8 ಚದರ ಮೀಟರ್ ಎಲೆಯ ವಿಸ್ತೀರ್ಣ ಬೇಕೆಂದು ಹೇಳಿದರು. ಪುಣೆಯ ಹತ್ತಿರ ಮಾಂಜರಿಯಲ್ಲಿರುವ ರಾಷ್ಟ್ರೀಯ ದ್ರಾಕ್ಷಿ ಸಂಶೋಧನ ಕೇಂದ್ರದ ಸಲಹೆಗಳನ್ನು ಅನುಸರಿಸುವ ನಮ್ಮ ಬೆಳೆಗಾರರ ಬಾಯಲ್ಲಿ ಇದೇ ಮಾತು, ಗೊನೆಗೆ ಹನ್ನೆರಡರಿಂದ ಹದಿನೈದು ಎಲೆ ಇರಬೇಕೆಂಬ ಸರಳ ಸೂತ್ರವಾಗಿ ಬಂದಿದೆ.

ಲೆಕ್ಕವನ್ನು ನಾವೇ ಹಾಕಿ ನೋಡಬಹುದು. ಥಾಮ್ಸನ್ ಸೀಡ್‌ಲೆಸ್ ಬಳ್ಳಿಯ ಚೆನ್ನಾಗಿ ಬೆಳೆದ ಎಲೆಯೊಂದು 150 ಚದರ ಸೆಂಟಿಮೀಟರ್ ಎಂದು ಹಿಡಿದರೆ, 15 ಎಲೆಗಳಿಗೆ 2,250 ಚದರ ಸೆಂಟಿಮೀಟರ್ ಆಗುವುದು. ಗೊಂಚಲು 300 ಗ್ರಾಂ ತೂಗುವುದಾದರೆ ಕಿಲೋ ಹಣ್ಣಿಗೆ 0.75 ಚದರ ಮೀಟರ್ ಬಿದ್ದಂತಾಯಿತು. ಅದರಲ್ಲಿ ನಾಲ್ಕು ಎಲೆಗಳನ್ನು ಕಿತ್ತೊಡನೆ ಅದು 0.55ಕ್ಕೆ ಇಳಿದು, ಎರಡು ಹರವಾಗಿ ಒಡೆದ ವೈ ಆಕಾರದ ಹಂದರಕ್ಕೂ ಸಾಕೋ ಸಾಲದೋ ಎಂಬ ಅಂಚಿಗೆ ಬಂದು ನಿಲ್ಲುತ್ತದೆ. ಒಣದ್ರಾಕ್ಷಿ ಮಾಡುವವರಿಗೆ ಈ ಅಂಚು ಇನ್ನೂ ಅಪಾಯಕರವಾದುದು. ಏಕೆಂದರೆ ಒಂದು ಕಿಲೋ ಒಣದ್ರಾಕ್ಷಿಗೆ ಸುಮಾರು ನಾಲ್ಕು ಕಿಲೋ ಹಸಿ ಹಣ್ಣು ಬೇಕಾಗುವಲ್ಲಿ, ಸಕ್ಕರೆಯಂಶವು 22 ಬ್ರಿಕ್ಸ್ ದಾಟದಿದ್ದರೆ ಶೆಡ್ಡಿನಲ್ಲಿ ಒಣಗಿ ಉಳಿಯುವುದು ಬರಿಯ ಸಿಪ್ಪೆಯೇ ಸರಿ.

ಈ ಪಂಥವು ವಿವರಿಸುವ ಇನ್ನೊಂದು ಸಂಗತಿಯುಂಟು. ಚಿಗುರೆಲೆಯು ತನ್ನ ಪೂರ್ಣ ಗಾತ್ರದ ಮೂರನೆಯ ಒಂದು ಪಾಲಿಗಾದರೂ ಬೆಳೆಯುವ ತನಕ ಬಳ್ಳಿಯಿಂದ ಆಹಾರವನ್ನು ತರಿಸಿಕೊಳ್ಳುವುದೇ ಹೊರತು ಕಳಿಸುವುದಿಲ್ಲ. ಆದುದರಿಂದ ಹೂವಿನ ಹೊತ್ತಿಗೆ ತುದಿಯ ಎಲೆಗಳು ಇನ್ನೂ ಸಾಲಗಾರರು. ಹೂವನ್ನು ಪೋಷಿಸುವವು ಬುಡದತ್ತಣ ಆರೇಳು ಎಲೆಗಳು. ಕೂಲಿಯ ಕೈಗೆ ಮೊದಲು ಸಿಕ್ಕುವವೂ ಅವೇ. ಹೂವರಳಿದಾಗ ಬಳ್ಳಿಯ ಪೋಷಕಾಂಶಗಳನ್ನು ಅಳೆಯಲು ಪ್ರಯೋಗಾಲಯದವರು ಕೇಳುವುದು ಗೊಂಚಲಿನ ಎದುರಿಗಿರುವ ಎಲೆಯ ತೊಟ್ಟನ್ನೇ. ಏಕೆಂದರೆ ಆ ಹೊತ್ತಿನ ಬಳ್ಳಿಯ ಸ್ಥಿತಿಯು ಅಲ್ಲಿ ಚೆನ್ನಾಗಿ ಓದಲು ಸಿಗುತ್ತದೆ. ಅಂಥ ಎಲೆಯನ್ನೇ ಮೊದಲು ಕಿತ್ತೊಗೆಯುವುದು ಎಷ್ಟರ ಮಟ್ಟಿಗೆ ವಿವೇಕ ಎಂಬ ಇವರ ಪ್ರಶ್ನೆಗೆ ತೂಕವಿದೆ.

ಎರಡನೆಯ ಪಂಥ: ಬೆಳಕಿಗೂ ಗಾಳಿಗೂ ದಾರಿ

ಈ ಪಂಥದವರು ಎಲೆಯ ಬೆಲೆಯನ್ನು ಅಲ್ಲಗಳೆಯುವುದಿಲ್ಲ. ಎಲ್ಲ ಎಲೆಗಳೂ ಸಮಾನವಲ್ಲವೆಂಬುದಷ್ಟೇ ಇವರ ವಾದ. ಬಿಸಿಲಿಗೆ ಒಡ್ಡಿದ ಎಲೆಯೊಂದು ತನ್ನ ಮೇಲೆ ಬಿದ್ದ, ಆಹಾರ ತಯಾರಿಕೆಗೆ ಉಪಯುಕ್ತವಾದ ಬೆಳಕಿನಲ್ಲಿ ಹತ್ತರಲ್ಲೊಂದು ಪಾಲನ್ನೂ ಕೆಳಗಿನ ಎಲೆಗೆ ಬಿಡುವುದಿಲ್ಲ. ಮೂರು ಪದರು ಎಲೆಯ ಅಡಿಯಲ್ಲಿ ಕುಳಿತ ಎಲೆಯು ಹಳದಿಯಾಗಿ, ದುಡಿಮೆಯನ್ನು ಬಿಟ್ಟು, ತೇವವನ್ನು ಮಾತ್ರ ಹಿಡಿದಿಟ್ಟುಕೊಂಡು ರೋಗಕ್ಕೆ ಮನೆಯಾಗುತ್ತದೆ. ನ್ಯೂಯಾರ್ಕ್ ಪ್ರಾಂತದ ಜಿನೀವದಲ್ಲಿ ಶಾಲಿಸ್ ಮತ್ತು ಸಂಗಡಿಗರು 1966ರಲ್ಲಿ ಹಂದರವನ್ನು ಎರಡು ತೆರೆಗಳಾಗಿ ಒಡೆದು, ಒಳಗೆ ಬೆಳಕು ಹರಿಸಿದಾಗ ಇಳುವರಿ ಹೆಚ್ಚಿದುದನ್ನು ಪ್ರಕಟಿಸಿದರು. 1991ರಲ್ಲಿ ರಿಚರ್ಡ್ ಸ್ಮಾರ್ಟ್ ಮತ್ತು ಮೈಕ್ ರಾಬಿನ್ಸನ್ ಬರೆದ ಪುಸ್ತಕವು ಹಂದರದ ಎಲೆಪದರುಗಳನ್ನು ಎಣಿಸುವ ಕ್ರಮವನ್ನೇ ಕಲಿಸಿ, ಒಂದರಿಂದ ಒಂದೂವರೆ ಪದರು ಸಾಕೆಂಬ ಮಾನದಂಡವನ್ನು ಲೋಕಕ್ಕೆ ಕೊಟ್ಟಿತು.

ನಮ್ಮ ಸೀಮೆಯಲ್ಲಿ ಈ ಪಂಥದ ಬಲವೆಲ್ಲ ರೋಗದ ಭೀತಿಯಲ್ಲಿದೆ. ಅಮೆರಿಕದಿಂದ ಬಂದ ಬೂಜುತುಪ್ಪಟ ರೋಗವು, ಅಂದರೆ ರೈತರು ಡೌನಿ ಎನ್ನುವುದು, 1878ರಲ್ಲಿ ಫ್ರಾನ್ಸಿನಲ್ಲಿ ಕಾಣಿಸಿಕೊಂಡು, 1885ರಲ್ಲಿ ಮಿಲಾರ್ಡೆ ಎಂಬ ವಿಜ್ಞಾನಿಯು ಮೈಲುತುತ್ತ–ಸುಣ್ಣದ ಬೋರ್ಡೋ ದ್ರಾವಣವನ್ನು ಪ್ರಕಟಿಸುವಂತೆ ಮಾಡಿತು. ಎಲೆಯ ಮೇಲೆ ನೀರು ನಿಂತರೆ ಮಾತ್ರ ಈ ರೋಗಾಣುವು ಒಳಹೊಗಬಲ್ಲದು. ನವೆಂಬರಿನಲ್ಲಿ ಅಕಾಲ ಮಳೆಯೊಂದು ಬಿದ್ದು, ಮರುದಿನ ಮೋಡ ಕವಿದು, ಹಂದರದಡಿಯಲ್ಲಿ ಗಾಳಿಯಾಡದೆ ಹೋದರೆ, ಹೂಗೊಂಚಲೇ ಬಿಳಿಯ ಬೂಜು ಹೊದ್ದು ಕರಿಕಾಗುವುದನ್ನು ಕಂಡ ರೈತನಿಗೆ ಕಿಲೋ ಹಣ್ಣಿಗೆ ಎಷ್ಟು ಚದರ ಮೀಟರ್ ಎಲೆಯೆಂಬ ಲೆಕ್ಕವು ಸಮಾಧಾನವನ್ನು ಕೊಡಲಾರದು. ಎಲೆಯ ಉಜ್ಜಾಟದಿಂದ ಎಳೆಗಾಯಿಯ ಮೇಲೆ ಕಲೆ ಬೀಳುವುದೂ, ಗೊಂಚಲನ್ನು ಜಿಬ್ಬೆರೆಲಿಕ್ ಆಮ್ಲದ ದ್ರಾವಣದಲ್ಲಿ ಅದ್ದುವಾಗ ಎಲೆ ಅಡ್ಡ ಬರುವುದೂ ಇವರ ಪಕ್ಷಕ್ಕೆ ಪೋಷಕವಾದ ನಿತ್ಯಾನುಭವಗಳು.

ಮೂರನೆಯ ಪಂಥ: ಹೂವಿಗೂ ಮುಂಚೆಯೇ

2006ರಲ್ಲಿ ಇಟಲಿಯ ಸ್ಟೆಫಾನೊ ಪೋನಿ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವು ಮೊದಲಿನ ಎರಡು ಪಂಥಗಳಿಗೂ ಅನಿರೀಕ್ಷಿತವಾದ ತಿರುವನ್ನು ಕೊಟ್ಟಿತು. ಹೂವರಳುವ ಮುನ್ನವೇ ಬುಡದ ಆರು ಎಲೆಗಳನ್ನು ಅವರು ತೆಗೆದುಹಾಕಿದರು. ಮೊದಲ ಪಂಥವು ಹೇಳಿದಂತೆಯೇ ಹೂವಿಗೆ ಆಹಾರ ಸಾಲದಾಗಿ ಕಾಯಿ ಕಚ್ಚುವುದು ಕಡಮೆಯಾಯಿತು. ಆದರೆ ಅದರಿಂದಲೇ ಗೊಂಚಲು ಸಡಿಲವಾಗಿ, ಗಾಳಿಯಾಡಿ, ಕೊಳೆಯುವುದು ತಗ್ಗಿ, ಉಳಿದ ಹಣ್ಣಿನಲ್ಲಿ ಸಕ್ಕರೆ ಹೆಚ್ಚಿತು. ಬಳ್ಳಿಯು ಬಗಲಕುಡಿಗಳನ್ನು ಹೊರಡಿಸಿ ಕಳೆದುಕೊಂಡ ಎಲೆಯನ್ನು ಸ್ವಲ್ಪ ಮಟ್ಟಿಗೆ ತುಂಬಿಕೊಂಡಿತು. ನಷ್ಟವೆಂದು ಎಲ್ಲರೂ ತಿಳಿದಿದ್ದುದನ್ನು ಇವರು ಉದ್ದೇಶಪೂರ್ವಕವಾಗಿ ಬಯಸಿ ಪಡೆದರು.

ಇಲ್ಲಿ ನಮ್ಮವರು ನಿಂತು ಯೋಚಿಸತಕ್ಕ ಸಂಗತಿಯೊಂದಿದೆ. ಗೊಂಚಲನ್ನು ಸಡಿಲಗೊಳಿಸುವ ಈ ಕೆಲಸವನ್ನೇ ನಮ್ಮ ಪಡಗಳಲ್ಲಿ ಜಿಬ್ಬೆರೆಲಿಕ್ ಆಮ್ಲವು ಮಾಡುತ್ತಿದೆ. ಗೊಂಚಲು ಗಿಳಿಹಸಿರು ಬಣ್ಣಕ್ಕೆ ಬಂದಾಗ ಒಮ್ಮೆ, ಹೂವರಳುವಾಗ ಮತ್ತೊಮ್ಮೆ, ಅನಂತರ ಕಾಯಿ ದಪ್ಪವಾಗಲೆಂದು ಪುನಃ ಪುನಃ ಅದನ್ನು ಕೊಡುವುದು ರೂಢಿ. ಆಮ್ಲದಿಂದಲೂ ಕಾಯಿಯನ್ನು ತೆಳುಮಾಡಿ, ಎಲೆಯನ್ನೂ ಕಿತ್ತರೆ, ಒಂದೇ ಕೆಲಸಕ್ಕೆ ಬಳ್ಳಿಯಿಂದ ಎರಡು ಸಲ ಬೆಲೆ ತೆತ್ತಂತಾಗುವುದು. ಮೇಲಾಗಿ ಇಟಲಿಯ ಪ್ರಯೋಗವು ಮದ್ಯದ ಹಣ್ಣಿನ ಮೇಲೆ ನಡೆದುದು. ಅಲ್ಲಿ ಇಳುವರಿ ಇಳಿದರೂ ರುಚಿ ಏರಿದರೆ ಲಾಭವುಂಟು. ತೂಕಕ್ಕೆ ಮಾರುವ ನಮ್ಮವರಿಗೆ ಆ ಗಣಿತವು ಹಾಗೆಯೇ ಒಗ್ಗಲಾರದು.

ನಾಲ್ಕನೆಯ ಪಂಥ: ನೆಲದ ಬಿಸಿಲನ್ನು ನೋಡಿ

ಬಿಸಿಲುನಾಡುಗಳ ಅನುಭವದಿಂದ ಹುಟ್ಟಿದ ಪಂಥವಿದು. ಕ್ಯಾಲಿಫೋರ್ನಿಯದ ಸ್ಯಾನ್ ವಾಕೀನ್ ಕಣಿವೆಯಲ್ಲಿ ಬರ್ಗ್‌ಕ್ವಿಸ್ಟ್ ಮೊದಲಾದವರು 2001ರಲ್ಲಿ ಪ್ರಕಟಿಸಿದ ಶೋಧನೆಯ ಪ್ರಕಾರ, ಬೆಳಕು ಒಂದು ಮಿತಿಯವರೆಗೆ ಹಣ್ಣಿನ ಗುಣವನ್ನು ಹೆಚ್ಚಿಸಿ, ಆ ಮಿತಿ ಮೀರಿದ ಮೇಲೆ ತಾಪದ ಮೂಲಕ ಅದನ್ನೇ ಕೆಡಿಸುತ್ತದೆ. ಹೀಗಾಗಿ ಉತ್ತರ–ದಕ್ಷಿಣದ ಸಾಲುಗಳಲ್ಲಿ ಎಲೆ ತೆಗೆಯುವುದಾದರೆ ಬೆಳಗಿನ ಎಳೆಬಿಸಿಲು ಬೀಳುವ ಮೂಡಣ ಬದಿಯಲ್ಲಿ ಮಾತ್ರ, ಪಡುವಣ ಬದಿಯ ಎಲೆಯನ್ನು ಮುಟ್ಟಲಾಗದು ಎಂಬ ಮಧ್ಯಮ ಮಾರ್ಗವನ್ನು ಈ ಪಂಥದವರು ಹಿಡಿದರು.

ನಮ್ಮ ಪ್ರದೇಶಕ್ಕೆ ಇದು ಹತ್ತಿರದ ಮಾತು. ನವೆಂಬರಿನಲ್ಲಿ ಹಿತವೆನಿಸಿದ ತೆರಪು ಮಾರ್ಚಿಯಲ್ಲಿ ಹಣ್ಣನ್ನು ಸುಡಬಲ್ಲದು. ಕಿತ್ತ ಎಲೆಯನ್ನು ಮಾರ್ಚಿಗೆ ಮರಳಿ ಅಂಟಿಸುವಂತಿಲ್ಲ. ಹಸಿರು–ಹಳದಿ ಬಣ್ಣದ ಒಣದ್ರಾಕ್ಷಿಗೆ ಪೇಟೆಯಲ್ಲಿ ಮಾನವಿರುವಲ್ಲಿ, ಬಿಸಿಲುಂಡು ಕೆಂಚಾದ ಹಣ್ಣು ಶೆಡ್ಡಿನಲ್ಲಿ ಎಷ್ಟು ಜಾಗ್ರತೆಯಿಂದ ಒಣಗಿಸಿದರೂ ಕೆಂಚಾಗಿಯೇ ಉಳಿಯುತ್ತದೆ. ಚಪ್ಪರದಂತೆ ಮೇಲ್ಗಡೆ ಹರಡಿದ ಹಂದರದಲ್ಲಾದರೋ ಗೊಂಚಲುಗಳು ನೆರಳಿನಲ್ಲಿ ಕೆಳಕ್ಕೆ ಇಳಿಬಿದ್ದಿರುವುದರಿಂದ, ಬದಿಯ ವಿಚಾರವೇ ಬೇರೆಯಾಗುತ್ತದೆ. ವೈ ಹಂದರದ ವಿಧಿಯನ್ನು ಅಲ್ಲಿ ಅನ್ವಯಿಸಲಾಗದು.

ನೆರೆಯ ಬೆಳೆಗಳ ಸಾಕ್ಷ್ಯ

ದ್ರಾಕ್ಷಿಯ ಹೊರಗೂ ಈ ಪ್ರಶ್ನೆಯುಂಟು. ತೊಗರಿಗೆ ಬಿತ್ತಿದ 45ರಿಂದ 50 ದಿನಗಳ ಸುಮಾರಿನಲ್ಲಿ ಕುಡಿ ಚಿವುಟುವುದನ್ನು ಸಿಂದಗಿ, ಮುದ್ದೇಬಿಹಾಳ, ಇಂಡಿ ತಾಲೂಕುಗಳ ರೈತರು ಬಲ್ಲರು. ಈಗ ಬ್ಯಾಟರಿಯ ಯಂತ್ರಗಳೂ ಅದಕ್ಕೆ ಬಂದಿವೆ. ಆದರೆ ಅದು ಹೂವಿಗೆ ಬಹಳ ಮುಂಚೆ, ಟೊಂಗೆ ಹೆಚ್ಚಲೆಂದು ಮಾಡುವ ಕೆಲಸ. ಹೂವಾಡುವ ತೊಗರಿಗೆ ಯಾರೂ ಕೈ ಹಚ್ಚರು. ಹಿಂಗಾರಿ ಬಿಳಿಜೋಳದಲ್ಲಿ ತೇವ ಕಡಮೆಯಾದಾಗ ಕೆಳಗಿನ ಎಲೆಗಳನ್ನು ಬಿಡಿಸಿ ದನಕ್ಕೆ ಹಾಕುವುದರಿಂದ ನೀರಿನ ಖರ್ಚು ಉಳಿಯುವುದೆಂಬ ನಂಬಿಕೆಯಿದೆ. ಅಲ್ಲಿಯೂ ತೆನೆಯ ಹತ್ತಿರದ ಎಲೆಯನ್ನು ಮುಟ್ಟದಿರುವುದು ಹಿರಿಯರ ಕಟ್ಟಳೆ. ಪರದೇಶಗಳಲ್ಲಿ, ಕಾನೂನಿನ ಅನುಮತಿಯಿರುವೆಡೆ ಭಂಗಿ ಗಿಡವನ್ನು ದೀಪದಡಿ ಬೆಳೆಯುವವರೂ ಹೂವಿನ ಕಾಲದಲ್ಲಿ ಎಲೆ ಬಿಡಿಸಬೇಕೆ ಎಂದು ಇದೇ ವಾದವನ್ನು ನಡೆಸಿದ್ದಾರೆ; ನಮ್ಮಲ್ಲಿ 1985ರ ಮಾದಕ ದ್ರವ್ಯ ಕಾಯಿದೆಯಿಂದ ಅನುಮತಿಯಿಲ್ಲದೆ ಅದರ ಸಾಗುವಳಿಯು ನಿಷಿದ್ಧವಾಗಿರುವುದರಿಂದ ಆ ವಾದದ ಫಲವು ನಮಗೆ ಬೇಕಿಲ್ಲವಾದರೂ, ಅದರಲ್ಲಿ ಒಂದು ಪಾಠವಿದೆ. ಅಲ್ಲಿಯ ದೀಪವು ಒಂದೇ ಕಡೆ ನಿಂತಿರುವುದರಿಂದ ನೆರಳೂ ನಿಂತಲ್ಲಿಯೇ ನಿಲ್ಲುತ್ತದೆ. ನಮ್ಮ ಸೂರ್ಯನು ಮೂಡಣದಿಂದ ಪಡುವಣಕ್ಕೆ ನಡೆಯುತ್ತ, ಮುಂಜಾನೆ ನೆರಳಾಗಿದ್ದ ಎಲೆಯನ್ನು ಸಂಜೆಗೆ ದುಡಿಮೆಗೆ ಹಚ್ಚುತ್ತಾನೆ. ಒಂದು ಹೊತ್ತಿನ ನೆರಳನ್ನು ನೋಡಿ ಎಲೆಯನ್ನು ನಿರುಪಯುಕ್ತವೆಂದು ಕೀಳುವುದು ಅನ್ಯಾಯವೇ ಆಗುವುದು.

ಇತ್ಯರ್ಥವಾಗದೆ ಉಳಿದ ಸಂಗತಿಗಳು

ಮೊದಲನೆಯದು, ಹೂವಿಗೆ ಮುಂಚಿನ ಎಲೆಬಿಡಿಕೆಯಿಂದ ಜಿಬ್ಬೆರೆಲಿಕ್ ಆಮ್ಲದ ಪ್ರಮಾಣವನ್ನು ಇಳಿಸಬಹುದೆ ಎಂಬುದು. ಇಳಿಸಲಾಗುವುದಾದರೆ ಖರ್ಚಿನ ಲೆಕ್ಕವೇ ಬದಲಾದೀತು. ಇಲ್ಲವಾದರೆ ಆ ವಿಧಾನವು ನಮಗೆ ಬರಿಯ ನಷ್ಟ. ಎರಡನೆಯದು, ಡಿಸೆಂಬರ್–ಜನವರಿಯಲ್ಲಿ ರಾತ್ರಿಯ ಚಳಿಗೂ ಹಗಲಿನ ಕಾವಿಗೂ ಅಂತರ ಹೆಚ್ಚಾದಾಗ ಹಸಿರು ಹಣ್ಣು ಗುಲಾಬಿ ಬಣ್ಣಕ್ಕೆ ತಿರುಗುವ ವಿಕಾರ. ಅದನ್ನು ತಡೆಯಲು ಗೊಂಚಲಿಗೆ ಕಾಗದ ಸುತ್ತುವ ಬೆಳೆಗಾರರು, ನವೆಂಬರಿನಲ್ಲಿ ತಾವೇ ಕಿತ್ತ ಎಲೆಯ ಕೆಲಸವನ್ನು ಕಾಗದದಿಂದ ಮಾಡಿಸುತ್ತಿರಬಹುದೇ ಎಂಬ ಶಂಕೆಗೆ ಸ್ಪಷ್ಟವಾದ ಉತ್ತರ ಬರಬೇಕಾಗಿದೆ. ಮೂರನೆಯದು, ಡೋಣಿ ಹೊಳೆಯ ಕಣಿವೆಯ ಸವುಳು ನೆಲವೂ ಸವುಳು ನೀರೂ. ಉಪ್ಪು ಹಳೆಯ ಎಲೆಗಳಲ್ಲಿ ಶೇಖರವಾಗಿ ಅವುಗಳ ಅಂಚು ಸುಡುವುದರಿಂದ, ಅಂಥ ಎಲೆಯನ್ನು ತೆಗೆಯುವುದು ಬಳ್ಳಿಗೆ ಉಪಕಾರವೋ ಅಪಕಾರವೋ ಎಂಬುದು ಡಾಗ್‌ರಿಡ್ಜ್ ಎಂಬ ಬೇರುಗಿಡದ ಮೇಲೆ ಕಸಿ ಕಟ್ಟಿದ ಪಡಗಳಿಗೆ ಬಹು ಮುಖ್ಯವಾದ ಪ್ರಶ್ನೆ.

ನಾಲ್ಕನೆಯದು ಅತ್ಯಂತ ಗಹನವಾದುದು. ಅಕ್ಟೋಬರಿನ ಚಿಗುರಿನಲ್ಲಿ ನಾವು ಕಾಣುವ ಹೂಗೊಂಚಲು ಅಂದು ಹುಟ್ಟಿದುದಲ್ಲ. ಏಪ್ರಿಲ್ ಚಾಟನಿಯಾದ 40ರಿಂದ 60 ದಿನಗಳೊಳಗೆ, ಬೇಸಿಗೆಯ ಕಡ್ಡಿಯ ಕಣ್ಣಿನೊಳಗೇ, ಯಾರಿಗೂ ಕಾಣದಂತೆ ಅದು ರೂಪುಗೊಂಡಿರುತ್ತದೆ. ಆಗ ಕಣ್ಣಿನ ಮೇಲೆ ಬೆಳಕು ಬೀಳದಿದ್ದರೆ ಗೊಂಚಲಾಗಬೇಕಾದುದು ಬಳ್ಳಿಯ ಕುಡಿಯಾಗಿ ಹೋಗುವುದು. ಹಾಗಾದರೆ ಹೂವಿನ ಕಾಲವೆಂಬುದು ನವೆಂಬರೋ, ಮೇ–ಜೂನೋ? ಎಲೆ ತೆಳುಮಾಡುವ ಶ್ರಮವನ್ನು ಯಾವ ಹೂವಿಗಾಗಿ ವೆಚ್ಚ ಮಾಡಬೇಕು? ಎರಡು ಕಾಲಗಳ ಎಲೆಬಿಡಿಕೆಯನ್ನು ಒಂದೇ ಬಳ್ಳಿಯ ಮೇಲೆ, ಹಲವು ವರ್ಷಗಳವರೆಗೆ, ಎರೆಭೂಮಿಯಲ್ಲಿ ಹೋಲಿಸಿ ನೋಡಿದಾಗ ಮಾತ್ರ ಇದಕ್ಕೆ ನಿಜವಾದ ಉತ್ತರ ದೊರೆಯುವುದು. ಐದನೆಯದು ಮನುಷ್ಯರದು: ಎಲೆ ಬಿಡಿಸುವ ಕೆಲಸವನ್ನು ಎಕರೆಗೆ ಇಷ್ಟೆಂದು ಗುತ್ತಿಗೆ ಕೊಟ್ಟಾಗ, ಕೈ ಚುರುಕಾದಷ್ಟೂ ಕೂಲಿ ಬೇಗ ಕೈಸೇರುವುದರಿಂದ, ಯಾವ ಎಲೆಯೆಂದು ಆರಿಸುವ ವ್ಯವಧಾನಕ್ಕೆ ಬೆಲೆಯೇ ಇಲ್ಲವಾಗುತ್ತದೆ. ಶಾಸ್ತ್ರವು ಎಷ್ಟೇ ಸೂಕ್ಷ್ಮವಾಗಿದ್ದರೂ ಅದು ಕೊನೆಗೆ ಇಳಿಯಬೇಕಾದುದು ಆ ಹೆಣ್ಣುಮಕ್ಕಳ ಹೆಬ್ಬೆರಳಿಗೆ. ದಿನಗೂಲಿ ಕೊಟ್ಟು, ತೋರಿಸಿ, ತಾಳ್ಮೆಯಿಂದ ಮಾಡಿಸದ ಹೊರತು ಯಾವ ಪಂಥವೂ ಗೆಲ್ಲಲಾರದು.

ಬೆಳೆಗಾರರಲ್ಲಿ ಒಂದು ಬಿನ್ನಹ

ಈ ನಾಲ್ಕೂ ಪಂಥಗಳನ್ನು ತೂಗಿ ನೋಡಿದಾಗ, ಹೂವು ಟೊಪ್ಪಿಗೆ ಕಳಚುವ ವಾರದಲ್ಲಿ ಆರೋಗ್ಯವಾದ ಎಲೆಗೆ ಕೈ ಹಚ್ಚದಿರುವುದೂ, ಕಾಯಿ ಕಚ್ಚಿದ ಮೇಲೆ ಹಳದಿಯಾದ, ರೋಗ ತಗುಲಿದ, ಗೊಂಚಲಿಗೆ ಉಜ್ಜುವ ಎರಡು ಮೂರು ಎಲೆಗಳನ್ನು ಮೂಡಣ ಬದಿಯಿಂದ ಮಾತ್ರ ತೆಗೆಯುವುದೂ, ಗೊಂಚಲಿಗೆ ಹನ್ನೆರಡು ಎಲೆಗಿಂತ ಕಡಮೆ ಉಳಿಯದಂತೆ ಎಣಿಸಿ ನೋಡುವುದೂ ಸದ್ಯಕ್ಕೆ ನಿರಪಾಯವಾದ ದಾರಿಯೆಂದು ನನಗೆ ತೋರುತ್ತದೆ. ಆದರೆ ಇದು ಬೇರೆ ನೆಲಗಳ ಲೆಕ್ಕದಿಂದ ಕಟ್ಟಿದ ತೀರ್ಮಾನ. ಮನಗೂಳಿಯ ಎರೆಗೆ ಮನಗೂಳಿಯ ಲೆಕ್ಕವೇ ಬೇಕು. ಮತ್ತು ಅದನ್ನು ತಿಡಗುಂದಿಯ ತೋಟಗಾರಿಕೆ ಸಂಶೋಧನ ಕೇಂದ್ರವೊಂದೇ ಕೂಡಿಹಾಕಲಾರದು. ಆದುದರಿಂದ ಪ್ರತಿಯೊಬ್ಬ ಬೆಳೆಗಾರನೂ ಈ ಸಲ ತನ್ನ ಪಡದಲ್ಲಿ ಒಂದೇ ಒಂದು ಸಾಲಿನ ಎಲೆಯನ್ನು ಮುಟ್ಟದೆ ಬಿಡಲಿ. ಮಾರ್ಚಿಯಲ್ಲಿ ಆ ಸಾಲಿನ ಹಣ್ಣನ್ನೂ ಪಕ್ಕದ ಸಾಲಿನ ಹಣ್ಣನ್ನೂ ಬೇರೆ ಬೇರೆ ತೂಗಿ, ಬ್ರಿಕ್ಸ್ ನೋಡಿ, ಒಣಗಿದ ಮೇಲೆ ಮತ್ತೊಮ್ಮೆ ತೂಗಿ, ಒಂದು ವಹಿಯಲ್ಲಿ ಬರೆದಿಡಲಿ. ಕಾಕಾ ಹೇಳಿದುದು ನಿಜವೋ, ಅಣ್ಣನ ಮಗ ಹೇಳಿದುದು ನಿಜವೋ ಎಂಬುದನ್ನು ಆ ಎರಡು ಸಾಲುಗಳೇ ಹೇಳುವುವು.